ಮೂರೋ ಐದೋ ಅನ್ನುವ ಮೊದಲು ಕ್ಯಾಲೆಂಡರ್ ತೆಗೆಯಿರಿ

ರಾತ್ರಿ ಎರಡಾದರೂ ನಿದ್ದೆ ಇಲ್ಲ, ಬೆಳಿಗ್ಗೆ ಕಣ್ಣು ಬಿಡುವಾಗಲೇ ತಲೆನೋವು, ಡಾಕ್ಟರಿಗೆ ನಿದ್ದೆಗೆಂದು ನುಂಗುವ ಮೆಲಟೋನಿನ್ ಮಾತ್ರೆ ಅಂದರೆ ಅಷ್ಟಕ್ಕಷ್ಟೆ, ಆದರೂ 3 ಮಿ.ಗ್ರಾಂ ತೆಗೆದುಕೊಳ್ಳಲೋ 5 ತೆಗೆದುಕೊಳ್ಳಲೋ ಅಂತ ಕೇಳಿದ್ದೀರಿ. ಬದಿಯಡ್ಕದ ನೀವು ಬರೆದದ್ದೋ, ಕುಂಬಳೆಯ ನಾನೇ ಆರು ವರ್ಷ ಹಿಂದೆ ಬರೆದದ್ದೋ ಅಂತ ಒಮ್ಮೆ ಅನುಮಾನ ಬಂತು. ವ್ಯತ್ಯಾಸ ಒಂದೇ, ನಾನು ಯಾರನ್ನೂ ಕೇಳಲಿಲ್ಲ. ಮೆಡಿಕಲ್‌ನಲ್ಲಿ ಫಾರ್ಮಸಿಸ್ಟ್ ಆಗಿರುವವನಿಗೆ ಕೇಳುವುದೆಂತದು? ಕಪಾಟಿನಿಂದ 10 ಮಿ.ಗ್ರಾಂನ ಸ್ಟ್ರಿಪ್ ತೆಗೆದು ಕಿಸೆಗೆ ಹಾಕಿಕೊಂಡೆ. (ದುಡ್ಡು ಕೊಟ್ಟೇ.)

ರಾತ್ರಿ ಹನ್ನೆರಡಕ್ಕೆ ಒಂದು ನುಂಗಿ ಟ್ಯೂಬ್‌ಲೈಟ್ ಕೆಳಗೆ ಮೊಬೈಲ್ ಹಿಡಿದು ಕೂರುವುದು, ಮೂರಕ್ಕೂ ನಿದ್ದೆ ಇಲ್ಲದಿದ್ದರೆ ಇನ್ನೊಂದು. ಬೆಳಿಗ್ಗೆ ಮಂಕು, ಅದರ ಮೇಲೆ ತಲೆನೋವು. ಈ ಮಾತ್ರೆಯ ಸಾಮಾನ್ಯ ಅಡ್ಡಪರಿಣಾಮಗಳಲ್ಲಿ ತಲೆನೋವೂ ಒಂದು. ಗಿರಾಕಿಗಳಿಗೆ ಹೇಳುತ್ತಿದ್ದೆ, ನನಗೆ ಹೇಳಿಕೊಳ್ಳಲಿಲ್ಲ.

ಡಾಕ್ಟರುಗಳು ಮೆಲಟೋನಿನ್ ಬೇಡ ಅನ್ನುವುದು ಹಳೇ ಕಾಲದವರೆಂದಲ್ಲ ಅಂತ ಆಮೇಲೆ ತಿಳಿಯಿತು. ನಿದ್ದೆಯ ವಿಷಯದಲ್ಲಿ ಅವರ ಮಾತು ಸರಿ. 2013ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟು ಹಾಕಿ ಲೆಕ್ಕ ನೋಡಿದಾಗ ಮೆಲಟೋನಿನ್‌ನಿಂದ ನಿದ್ದೆ ಬೇಗ ಬಂದದ್ದು ಸರಾಸರಿ ಏಳು ನಿಮಿಷ, ಒಟ್ಟು ನಿದ್ದೆ ಹೆಚ್ಚಾದದ್ದು ಎಂಟು ನಿಮಿಷ. ಅಮೆರಿಕದ ನಿದ್ರಾವೈದ್ಯರ ಸಂಘದ 2017ರ ಮಾರ್ಗಸೂಚಿ ನಿದ್ರಾಹೀನತೆಗೆ ಇದನ್ನು ಕೊಡದಿರುವುದೇ ಲೇಸು ಅನ್ನುತ್ತದೆ. ಮೈಗ್ರೇನ್‌ಗೆ ಮಾತ್ರ ಕಥೆ ಎರಡು ಬಗೆ. 2016ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಪರೀಕ್ಷೆಯಲ್ಲಿ ಮೂರು ತಿಂಗಳು ರಾತ್ರಿ 3 ಮಿ.ಗ್ರಾಂ ತೆಗೆದುಕೊಂಡವರಿಗೆ ತಿಂಗಳಿಗೆ 2.7 ನೋವಿನ ದಿನ ಕಡಿಮೆಯಾಯಿತು, ಮದ್ದೇ ಇಲ್ಲದ ಬರೀ ಸಕ್ಕರೆ ಮಾತ್ರೆ ತೆಗೆದುಕೊಂಡವರಿಗೆ 1.1. ಅದಕ್ಕೂ ಮೊದಲು, 2010ರಲ್ಲಿ ನಾರ್ವೆಯಲ್ಲಿ ನಿಧಾನವಾಗಿ ಕರಗುವ 2 ಮಿ.ಗ್ರಾಂ ಮಾತ್ರೆಯನ್ನು ಎಂಟು ವಾರ ಕೊಟ್ಟು ನೋಡಿದಾಗ ಸಕ್ಕರೆ ಮಾತ್ರೆಗೂ ಅದಕ್ಕೂ ವ್ಯತ್ಯಾಸವೇ ಸಿಗಲಿಲ್ಲ. ಸಂಶಯಪಡುವ ಡಾಕ್ಟರು ದಡ್ಡರಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದು 10 ಮಿ.ಗ್ರಾಂ ಅಲ್ಲ.

"ತಿಂಗಳಿಗೆ ಎಷ್ಟು ದಿನ ನೋವಿನ ಮಾತ್ರೆ ತಗೊಳ್ತೀರಿ?" ಅಂತ ನನ್ನ ಡಾಕ್ಟರು ಕೇಳಿದ್ದರು. "ವಾರಕ್ಕೊಂದು ಇರಬಹುದು ಡಾಕ್ಟ್ರೇ" ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ತಲೆ ಒಡೆದುಹೋಗುವಂಥ ನೋವಿಗೆ ನುಂಗಿದ್ದನ್ನು ಮಾತ್ರ ಲೆಕ್ಕ ಹಿಡಿದಿದ್ದೆ. ಸಂಜೆ ಐದಕ್ಕೆ ಅಂಗಡಿಯಲ್ಲಿ ಕಟ್ಟನ್ ಚಾಯದ (ಹಾಲಿಲ್ಲದ ಚಹಾ) ಜೊತೆ ಬಾಯಿಗೆ ಹಾಕುತ್ತಿದ್ದ ಕೆಫೀನ್ ಸೇರಿದ ನೋವಿನ ಮಾತ್ರೆ ನನ್ನ ಲೆಕ್ಕದಲ್ಲಿ ಮದ್ದೇ ಅಲ್ಲ, ಬಿಸ್ಕೆಟಿನ ಹಾಗೆ. ಲೆಕ್ಕ ಇಟ್ಟವಳು ಹೆಂಡತಿ. ನಮ್ಮ ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಕಿನ ಕೆಳಗೆ ಸೊಸೈಟಿಗೆ ಹಾಕಿದ ಹಾಲಿನ ಲೆಕ್ಕ ಇರುತ್ತದೆ, ಬೆಳಿಗ್ಗೆ 4, ಸಂಜೆ 2½ ಅಂತ ಪೆನ್ಸಿಲಿನಲ್ಲಿ. ನಾನು ಮನೆಯಲ್ಲಿ ಸ್ಟ್ರಿಪ್ ಒತ್ತಿದ ಸದ್ದು ಕೇಳಿದರೆ, ಅಂಗಡಿಯಿಂದ ಬಂದಾಗ ಕಿಸೆಯಲ್ಲಿ ಖಾಲಿ ಸ್ಟ್ರಿಪ್ ಸಿಕ್ಕಿದರೆ, ಅದರ ಪಕ್ಕ ಕೆಂಪು ಪೆನ್ನಿನ ಒಂದು ಗೀಟು. ತಿಂಗಳ ಕೊನೆಗೆ ಹಾಲಿನ ಲೆಕ್ಕ ಕೂಡಿಸುವಾಗ ಗೀಟನ್ನೂ ಕೂಡಿಸಿದಳು. ಗೀಟು ಬಿದ್ದ ದಿನ ಹತ್ತೊಂಬತ್ತು.

ಆ ಸಂಖ್ಯೆ ಯಾಕೆ ಮುಖ್ಯ ಗೊತ್ತುಂಟಾ? ಬರೀ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದವು ತಿಂಗಳಿಗೆ 15 ದಿನ ಮುಟ್ಟಿದರೆ, ಎರಡು ಮೂರು ಮದ್ದು ಸೇರಿಸಿದ ಮಾತ್ರೆ ಅಥವಾ ಟ್ರಿಪ್ಟಾನ್ (ಮೈಗ್ರೇನ್ ನೋವಿನ ಮದ್ದು) 10 ದಿನ ಮುಟ್ಟಿದರೆ, ಮೂರು ತಿಂಗಳಿಗಿಂತ ಹೆಚ್ಚು ಹೀಗೇ ನಡೆದರೆ, ಮಾತ್ರೆಯೇ ತಲೆನೋವು ತರಲು ಶುರುಮಾಡಬಹುದು. ಎಣಿಸಬೇಕಾದ್ದು ಮಾತ್ರೆಯನ್ನಲ್ಲ, ದಿನವನ್ನು. ಒಂದೇ ದಿನ ನಾಲ್ಕು ನುಂಗಿದರೂ ಒಂದು ದಿನ. ದಿನಕ್ಕರ್ಧದಂತೆ ಇಪ್ಪತ್ತು ದಿನ ನುಂಗಿದರೆ ಇಪ್ಪತ್ತು. "ಅರ್ಧವೇ ಅಲ್ವಾ ಮಾರಾಯ್ರೆ" ಅನ್ನುವವರು ಬೀಳುವುದು ಇಲ್ಲೇ.

ಕೆಫೀನ್ ಇದ್ದರಂತೂ ಇನ್ನೊಂದು ಗಂಟು. ಅದು ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಚಹಾ, ಮಾತ್ರೆ ಎರಡೂ ರಾತ್ರಿ ಹತ್ತಕ್ಕೆ ಅರ್ಧ ಉಳಿದಿರುತ್ತವೆ, ನಿದ್ದೆ ಬರುವುದು ಹೇಗೆ? ಇತ್ತ ಕೆಫೀನ್ ತಪ್ಪಿದ ತಲೆನೋವು ಶುರುವಾಗುವುದು 12ರಿಂದ 24 ಗಂಟೆಯೊಳಗೆ, ಅಂದರೆ ಸರಿಯಾಗಿ ಏಳುವ ಹೊತ್ತಿಗೆ. ರಾತ್ರಿ ನಿದ್ದೆ ಕೆಡಿಸಿದ್ದೂ ಅದೇ, ಬೆಳಿಗ್ಗೆ ತಲೆ ನೋಯಿಸಿದ್ದೂ ಅದೇ. ನಾನು ಮೆಲಟೋನಿನ್ ಮಿ.ಗ್ರಾಂ ಏರಿಸುತ್ತಾ ಕೂತಿದ್ದೆ.

ಹಾಗಾಗಿ ನಿಮ್ಮ "ಮೂರೋ ಐದೋ" ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹೋದ ತಿಂಗಳಲ್ಲಿ ಎಷ್ಟು ದಿನ ನೋವಿನ ಮಾತ್ರೆ ನುಂಗಿದಿರಿ ಅಂತ ಮೊದಲು ಬರೆಯಿರಿ, ಅದನ್ನೇ ಡಾಕ್ಟರಿಗೆ ತೋರಿಸಿ. ಸಂಖ್ಯೆ ಜಾಸ್ತಿ ಇದ್ದರೆ ನಿಲ್ಲಿಸುವ ಕ್ರಮ ಅವರೇ ಹೇಳಬೇಕು. ಕೋಡೀನ್, ಟ್ರಾಮಡಾಲ್ (ಅಫೀಮಿನ ಜಾತಿಯ ನೋವಿನ ಮದ್ದು) ಸೇರಿದ್ದನ್ನು ಒಮ್ಮೆಲೇ ಬಿಡಬಾರದು. ನನ್ನದರಲ್ಲಿ ಅವು ಇರಲಿಲ್ಲ, ಪೂರ್ತಿ ನಿಲ್ಲಿಸಿದೆ. ಮೊದಲ ಆರು ದಿನ ನರಕ. ವಾಂತಿ, ಕತ್ತಲೆ ಕೋಣೆ, ಬರೀ ಗಂಜಿತಿಳಿ. ಎರಡರಿಂದ ಹತ್ತು ದಿನ ಹೀಗೆ ಹೆಚ್ಚಾಗಿಯೇ ಇಳಿಯುವುದು ಅಂತ ಮೊದಲೇ ಗೊತ್ತಿರದಿದ್ದರೆ ನಾಲ್ಕನೇ ದಿನವೇ ಸ್ಟ್ರಿಪ್ ಹುಡುಕುತ್ತಿದ್ದೆ. ಡಾಕ್ಟರು ಜೊತೆಗೆ ನೋವು ತಡೆಯುವ ಬೇರೆ ಮದ್ದು ಶುರುಮಾಡಿದರು. ಆರು ವಾರ ಆಗುವಾಗ ಬೆಳಗಿನ ನೋವು ಹೋಯಿತು.

ನಿದ್ದೆ ಮಾತ್ರ ಆಗಲೂ ಎರಡು ಗಂಟೆಗೇ. ಮೆಲಟೋನಿನ್ ಉಪಯೋಗಕ್ಕೆ ಬಂದದ್ದು ಆಮೇಲೆ, ಡಾಕ್ಟರಲ್ಲಿ ಕೇಳಿಯೇ. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿ "ರಾತ್ರಿಯಾಯಿತು" ಅಂತ ದೇಹಕ್ಕೆ ಕೊಡುವ ಸುದ್ದಿ ಅದು, ಮಂಪರು ಬರಿಸುವ ಮದ್ದಲ್ಲ. ಸುದ್ದಿ ಸರಿಯಾದ ಹೊತ್ತಿಗೆ ಮುಟ್ಟಬೇಕು, ಜೋರಾಗಿ ಕೂಗಬೇಕಿಲ್ಲ. ತಾನಾಗಿ ನಿದ್ದೆ ಬರುವ ಹೊತ್ತಿಗಿಂತ ನಾಲ್ಕೈದು ಗಂಟೆ ಮೊದಲು, ನನಗೆ ರಾತ್ರಿ ಒಂಬತ್ತೂವರೆಗೆ, ಅರ್ಧ ಮಿ.ಗ್ರಾಂನಷ್ಟು. 3 ಮಿ.ಗ್ರಾಂನ ಸಾದಾ ಮಾತ್ರೆಯನ್ನು ಕಾಲು ಮಾಡಿದರೆ 0.75, ಸಾಕು. ನಿಧಾನವಾಗಿ ಕರಗುವ ಮಾತ್ರೆಯನ್ನು ಮಾತ್ರ ತುಂಡು ಮಾಡಬಾರದು, ಅದರ ಕಟ್ಟೇ ಹಾಳಾಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಮಾತ್ರೆಯ ಹೊತ್ತು ಅರ್ಧ ಗಂಟೆ ಬೇಗ. ನುಂಗಿದ ಮೇಲೆ ಬಿಳಿ ಟ್ಯೂಬ್‌ಲೈಟ್ ಬಂದ್, ಮೊಬೈಲ್ ದೂರ, ಸ್ಕೂಟರ್ ಮುಟ್ಟಲೇಬಾರದು. ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಹೊರಗೆ ಬೆಳಕಿನಲ್ಲಿ. ಆಟಿ ತಿಂಗಳ ಮಳೆಯಲ್ಲೂ ಜಗಲಿಯ ತುದಿಯಲ್ಲಿ ಕೂತರೆ ಆಗುತ್ತದೆ, ಮೋಡದ ಬೆಳಕೂ ಮನೆಯೊಳಗಿನ ಬಲ್ಬಿಗಿಂತ ಎಷ್ಟೋ ಪಾಲು ಹೆಚ್ಚು.

ಮೂರು ಗಂಟೆಗೆ ಎರಡನೆಯದು ನುಂಗುತ್ತಿದ್ದೆನಲ್ಲ, ಅದರಿಂದ ಆದದ್ದು ತದ್ವಿರುದ್ಧ. ಸಾದಾ ಮಾತ್ರೆಯ ಅಂಶ ರಕ್ತದಲ್ಲಿ ಅರ್ಧಕ್ಕಿಳಿಯಲು ಮುಕ್ಕಾಲು ಗಂಟೆ ಸಾಕು. ಆದರೆ 10 ಮಿ.ಗ್ರಾಂ ಅಂದರೆ ಬೆಳಿಗ್ಗೆಯೂ ಉಳಿಯುವಷ್ಟು. ಬೆಳಗಿನ ಹೊತ್ತಿನ ಮೆಲಟೋನಿನ್ ದೇಹದ ಗಡಿಯಾರವನ್ನು ತಡ ಮಾಡಿಸುತ್ತದೆ, ಮರುದಿನ ನಿದ್ದೆ ಇನ್ನೂ ತಡ. ಇಡೀ ರಾತ್ರಿ ಯಕ್ಷಗಾನದ ಆಟ ನೋಡಿ ಬಂದ ಮರುದಿನವೂ ನಾನೀಗ ಮಾತ್ರೆ ಮುಟ್ಟುವುದಿಲ್ಲ, ಬರೀ ಬೆಳಕು.

ಸಿಹಿ ಗಮ್ಮಿ ಬೇಡ. 2017ರಲ್ಲಿ ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಪರೀಕ್ಷಿಸಿದಾಗ ಚೀಟಿಯಲ್ಲಿ ಬರೆದದ್ದಕ್ಕಿಂತ 83 ಶೇಕಡಾ ಕಡಿಮೆಯಿಂದ ಹಿಡಿದು 478 ಶೇಕಡಾ ಹೆಚ್ಚಿನವರೆಗೆ ಸಿಕ್ಕಿತು. ಬಾಟಲಿಯ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಆಹಾರ ಪೂರಕ, ಮದ್ದೆಂದು ಲೈಸೆನ್ಸ್ ಪಡೆದದ್ದಲ್ಲ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ತೆಗೆದುಕೊಳ್ಳುವವರು, ಅಪಸ್ಮಾರ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಫ್ಲುವಾಕ್ಸಮಿನ್ (ಖಿನ್ನತೆಯಂಥ ತೊಂದರೆಗೆ ಕೊಡುವ ಮದ್ದು) ನುಂಗುವವರಿಗಂತೂ ಬೇಡವೇ ಬೇಡ, ಅದು ರಕ್ತದಲ್ಲಿ ಮೆಲಟೋನಿನ್ ಮಟ್ಟವನ್ನು ಹಲವು ಪಟ್ಟು ಏರಿಸುತ್ತದೆ.

ಇದ್ದಕ್ಕಿದ್ದಂತೆ ಸಿಡಿಲು ಬಡಿದಂಥ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋತು ಮಾತು ತೊದಲುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ಇವಿದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಇನ್ನೊಂದು, ನೀವು ಬರೆದಿಲ್ಲ, ಆದರೂ ಮನೆಯವರಲ್ಲಿ ಕೇಳಿ: ಗೊರಕೆ ಜೋರಾ, ನಡುವೆ ಉಸಿರು ನಿಂತ ಹಾಗಾಗುತ್ತದಾ ಅಂತ. ಹೌದಾದರೆ ಬೆಳಗಿನ ತಲೆನೋವಿಗೆ ಅದೇ ಕಾರಣ ಇರಬಹುದು, ನಿದ್ದೆಯಲ್ಲಿ ಉಸಿರಾಟದ ಪರೀಕ್ಷೆ ಮಾಡಿಸಬೇಕಾಗುತ್ತದೆ.