ಹಳೆಯ ಕ್ರೌನ್-ಪಿನಿಯನ್ ಮತ್ತೆ ಹಾಕಬಹುದೇ?

ಪ್ರಶ್ನೆ: ಆಫ್‌ರೋಡ್ ಗಾಡಿಯ ಹಿಂದಿನ ಆಕ್ಸಲ್‌ಗೆ ಹೊಸ ಬೇರಿಂಗ್, ಸೀಲ್ ಹಾಕಿಸಬೇಕಾಗಿದೆ. ಕ್ರೌನ್ ವ್ಹೀಲ್ (ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ), ಪಿನಿಯನ್ (ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ) ಎರಡರ ಹಲ್ಲೂ ನೋಡಲು ಚೆನ್ನಾಗಿವೆ. ಅವನ್ನೇ ಉಳಿಸಿಕೊಳ್ಳಬಹುದೇ?

ಉತ್ತರ: ಉಳಿಸಿಕೊಳ್ಳಬಹುದು. ಆದರೆ ಡಿಫ್ರೆನ್ಷಿಯಲ್ (ಈ ಗೇರ್‌ಗಳಿರುವ ಆಕ್ಸಲ್‌ನ ನಡುಭಾಗ) ಇನ್ನೂ ಬಿಚ್ಚಿಲ್ಲವಾದರೆ ದಯವಿಟ್ಟು ಅಲ್ಲೇ ನಿಲ್ಲಿಸಿ. ಬಿಚ್ಚುವ ಮುನ್ನ ತೆಗೆದುಕೊಳ್ಳುವ ಅಳತೆಗಳ ಮೇಲೆಯೇ ಈ ಕೆಲಸವೆಲ್ಲ ನಿಂತಿದೆ. ಸಾವಿರಾರು ಕಿಲೋಮೀಟರ್ ಓಡಿದ ಹಲ್ಲುಗಳು ತಾವು ಕೂತ ಜಾಗಕ್ಕೆ ತಕ್ಕಂತೆ ಸವೆದು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಪಿನಿಯನ್ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿದರೂ ಸವೆದ ಭಾಗ ಸವೆಯದ ಭಾಗದ ಮೇಲೆ ಉಜ್ಜುತ್ತದೆ, ಗಾಡಿ ಊಳಿಡಲು ಶುರುಮಾಡುತ್ತದೆ.

ಆಯಿಲ್ ಇಳಿಸಿ, ಹಿಂದಿನ ಮುಚ್ಚಳ ತೆಗೆದು ಹಲ್ಲುಗಳನ್ನು ಒರೆಸಿ. ಪಿನಿಯನ್ ಅಲುಗದಂತೆ ಹಿಡಿದು, ಕ್ರೌನ್ ವ್ಹೀಲ್‌ನ ಒಂದು ಹಲ್ಲಿನ ಹೊರತುದಿಗೆ ಡಯಲ್ ಗೇಜ್ (ಸೂಕ್ಷ್ಮ ಚಲನೆ ಅಳೆಯುವ ಉಪಕರಣ) ನೇರವಾಗಿ ತಾಗಿಸಿ, ವ್ಹೀಲನ್ನು ಅತ್ತಿತ್ತ ಆಡಿಸಿ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಓದಿ. ಸುತ್ತ ನಾಲ್ಕು ಕಡೆ ಓದಿ ಬರೆದಿಡಿ. ಆಮೇಲೆ ಮಾರ್ಕಿಂಗ್ ಪೇಸ್ಟ್ (ಹಲ್ಲುಗಳು ತಾಗುವ ಜಾಗ ತೋರಿಸುವ ಬಣ್ಣ) ಹಚ್ಚಿ ತಿರುಗಿಸಿ, ಮೂಡಿದ ಗುರುತಿನ ಫೋಟೊ ತೆಗೆಯಿರಿ. ಬೇರಿಂಗ್ ಕ್ಯಾಪ್‌ಗಳಿಗೆ ಪಂಚ್‌ನಿಂದ ಗುರುತು ಹಾಕಿ. ಎಡದ್ದು ಬಲಕ್ಕೆ ಹೋಗಬಾರದು, ತಲೆಕೆಳಗೂ ಆಗಬಾರದು. ಶಿಮ್‌ಗಳನ್ನು (ಅಂತರ ಹೊಂದಿಸುವ ತೆಳು ಬಿಲ್ಲೆಗಳು) ಎಡ, ಬಲ, ಪಿನಿಯನ್ ಎಂದು ಬೇರೆ ಬೇರೆ ಚೀಲದಲ್ಲಿಟ್ಟು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಒಂದು ಎಚ್ಚರಿಕೆ: ಹಳೆಯ ಬೇರಿಂಗ್ ಸಡಿಲವಾಗಿ, ಸಣ್ಣ ಸನ್ನೆಗೋಲಿಗೇ ಕ್ಯಾರಿಯರ್ (ಕ್ರೌನ್ ವ್ಹೀಲ್ ಕೂರುವ ಗೂಡು) ಅಲುಗಾಡುತ್ತಿದ್ದರೆ ಆ ಬ್ಯಾಕ್‌ಲ್ಯಾಶ್ ಲೆಕ್ಕ ನಂಬಬೇಡಿ. ಆಗ ಶಿಮ್ ದಪ್ಪ ಮತ್ತು ಪೇಸ್ಟ್‌ನ ಗುರುತೇ ಆಧಾರ.

ಇನ್ನು ಹಲ್ಲಿನ ಪರೀಕ್ಷೆ. ಗಾಡಿ ಮುಂದೆ ಹೋಗುವಾಗ ಭಾರ ಹೊರುವ ಬದಿ (ಸಾಮಾನ್ಯ ಹಿಂದಿನ ಆಕ್ಸಲ್‌ನಲ್ಲಿ ಕ್ರೌನ್ ವ್ಹೀಲ್ ಹಲ್ಲಿನ ಉಬ್ಬಿದ ಮೈ) ಮೇಲೆ ಬೆಳಕು ಬಿಟ್ಟು ನೋಡಿ. ನುಣುಪಾದ ಹೊಳಪಿದ್ದರೆ ಒಳ್ಳೆಯದು. ಉಗುರಿಗೆ ಸಿಕ್ಕುವ ಗೀರು, ಸೂಜಿಮೊನೆಯಂಥ ಗುಂಡಿಗಳ ಗುಂಪು, ಪದರ ಎದ್ದಿರುವುದು, ಕಾದು ನೀಲಿಯಾದ ಬಣ್ಣ, ಮುರಿದ ಮೂಲೆ ಇವುಗಳಲ್ಲಿ ಒಂದಿದ್ದರೂ ಆ ಜೋಡಿ ಬೇಡ. ಹೊಳೆ ದಾಟಿದ ಗಾಡಿಯಲ್ಲಿ ಒಳಗೆ ನೀರು ಹೋಗಿ ತುಕ್ಕು ಹಿಡಿದಿರಬಹುದು. ಮೇಲ್ಮೈ ತುಕ್ಕು ಒರೆಸಿದರೆ ಹೋಗುತ್ತದೆ. ಹಲ್ಲು ಹಲ್ಲಿಗೆ ತಾಗುವ ಜಾಗದಲ್ಲಿ ತುಕ್ಕು ಗುಂಡಿ ತೋಡಿದ್ದರೆ ಅಲ್ಲಿಂದಲೇ ಪದರ ಕೀಳುತ್ತದೆ. ದೊಡ್ಡ ಟೈರ್ ಹಾಕಿ ಬಂಡೆ ಹತ್ತಿಸಿದ ಗಾಡಿಯಾದರೆ ಹಲ್ಲಿನ ಬುಡದಲ್ಲಿ ಬಿರುಕಿದೆಯೇ ಎಂದು ಡೈ ಪೆನೆಟ್ರೆಂಟ್ (ಬಿರುಕಿಗಿಳಿದು ಅದನ್ನು ತೋರಿಸುವ ಬಣ್ಣದ ದ್ರವ) ಹಾಕಿ ನೋಡುವುದು ಕಡ್ಡಾಯ ಎಂದೇ ನಮ್ಮ ಅಭಿಪ್ರಾಯ. ಡಿಫ್ರೆನ್ಷಿಯಲ್ ಒಳಗಿನ ಮ್ಯಾಗ್ನೆಟ್‌ಗೆ ಅಂಟಿದ ಬೂದು ಬಣ್ಣದ ಗೊಜ್ಜು ಸಹಜ, ಲೋಹದ ಚೂರು ಸಹಜವಲ್ಲ.

ಜೋಡಿಸುವಾಗ ಹಳೆಯ ಮತ್ತು ಹೊಸ ಪಿನಿಯನ್ ಬೇರಿಂಗ್‌ಗಳ ಎತ್ತರ ಅಳೆಯಿರಿ. ಪಿನಿಯನ್ ತಲೆಯ ಕಡೆಯ ಹೊಸ ಬೇರಿಂಗ್ 0.03 ಮಿ.ಮೀ. ಎತ್ತರವಿದ್ದರೆ ಅಲ್ಲಿನ ಶಿಮ್‌ನಿಂದ ಅಷ್ಟೇ ಕಳೆಯಿರಿ. ಹೊಸ ಜೋಡಿಗೆ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಬ್ಯಾಕ್‌ಲ್ಯಾಶ್ ಇಡುತ್ತಾರೆ. ನಿಮ್ಮದು 0.30 ಇತ್ತೆಂದರೆ 0.30ಕ್ಕೇ ಇಡಿ. ಪುಸ್ತಕದ ಅಂಕಿಗೆ ತರುತ್ತೇನೆಂದು ಬಿಗಿ ಮಾಡಿದರೆ ಸವೆಯದ ಅಂಚುಗಳು ಕಚ್ಚಿಕೊಳ್ಳುತ್ತವೆ. ಸುತ್ತಲಿನ ನಾಲ್ಕು ಅಳತೆಗಳ ವ್ಯತ್ಯಾಸ 0.05 ಮಿ.ಮೀ. ಮೀರಿದರೆ ಕ್ರೌನ್ ವ್ಹೀಲ್ ಕೂರುವ ಮುಖದಲ್ಲಿ ಕೊಳೆಯೋ ಎದ್ದ ಅಂಚೋ ಇದೆಯೇ ನೋಡಿ.

ಪ್ರಶ್ನೆ: ಹಳೆಯ ಗೇರ್ ಜೋಡಿಸಿ ಪೇಸ್ಟ್ ಹಚ್ಚಿದೆ. ಕೈಪಿಡಿಯ ಚಿತ್ರದಂತೆ ಗುರುತು ಬರುತ್ತಲೇ ಇಲ್ಲ.

ಉತ್ತರ: ಬರುವುದೂ ಇಲ್ಲ, ಏಕೆಂದರೆ ಆ ಚಿತ್ರ ಹೊಸ ಗೇರಿನದು. ಭಾರ ಹೊರುವ ಬದಿ ಸವೆದು ಅಲ್ಲಿನ ಗುರುತು ಹರಡಿರುತ್ತದೆ. ಬಳಸಿದ ಜೋಡಿಯಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಕೆಲಸ ಮಾಡುವ ಎದುರು ಬದಿಯನ್ನೇ ನಂಬಿ, ಅದು ಕಡಿಮೆ ಸವೆದಿರುತ್ತದೆ. ಅಲ್ಲಿ ಗುರುತು ಹಲ್ಲಿನ ನೆತ್ತಿಗೂ ಬುಡಕ್ಕೂ ನಡುವೆ ಇರಬೇಕು. ನೆತ್ತಿಗೆ ಹತ್ತಿರವಾದರೆ ಪಿನಿಯನ್ ಕ್ರೌನ್‌ನಿಂದ ದೂರದಲ್ಲಿದೆ, ಶಿಮ್ ಸೇರಿಸಿ. ಬುಡಕ್ಕೆ ಇಳಿದಿದ್ದರೆ ತೆಗೆಯಿರಿ. ಒಂದು ಸಲಕ್ಕೆ 0.05 ಮಿ.ಮೀ. ಸಾಕು. ಹಲ್ಲಿನ ಉದ್ದಕ್ಕೆ ಗುರುತು ತುಸು ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ತಿರುಗಿಸುವಾಗ ಪಿನಿಯನ್ ಫ್ಲ್ಯಾಂಜನ್ನು ಬಟ್ಟೆಯಿಂದ ಬಿಗಿಹಿಡಿದು ಭಾರ ಕೊಡಿ, ಇಲ್ಲದಿದ್ದರೆ ಗುರುತು ಮಸುಕಾಗುತ್ತದೆ.

ಪ್ರಶ್ನೆ: ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫ್ರೆನ್ಷಿಯಲ್) ಹಾಕಿಸುತ್ತಿದ್ದೇನೆ. ಈಗಿರುವ ಗೇರ್ ಅದಕ್ಕೆ ಕೂರುತ್ತದೆಯೇ?

ಉತ್ತರ: ಕೊಳ್ಳುವ ಮುನ್ನ ಹಲ್ಲು ಎಣಿಸಿ. ಕ್ರೌನ್‌ನಲ್ಲಿ 41, ಪಿನಿಯನ್‌ನಲ್ಲಿ 11 ಇದ್ದರೆ ಅನುಪಾತ 3.73; ಪಿನಿಯನ್‌ನಲ್ಲಿ 10 ಇದ್ದರೆ 4.10. ಅನುಪಾತ ಹೆಚ್ಚಿದಷ್ಟೂ ಪಿನಿಯನ್ ತಲೆ ಸಣ್ಣದಾಗುತ್ತದೆ, ಹಾಗಾಗಿ ಕ್ರೌನ್ ವ್ಹೀಲ್ ಅದರತ್ತ ಸರಿದು ಕೂರಬೇಕು. ಅದಕ್ಕೇ ಡಾನಾ 44 ಆಕ್ಸಲ್‌ನಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆಗೆ ಒಂದು ಕ್ಯಾರಿಯರ್, 3.92 ಮತ್ತು ಮೇಲಿನವಕ್ಕೆ ಇನ್ನೊಂದು. ಲಾಕರ್ ನಿಮ್ಮ ಅನುಪಾತದ ಗುಂಪಿನದ್ದೇ ಆಗಿರಲಿ.

ಪ್ರಶ್ನೆ: ನನ್ನ ಪಿನಿಯನ್ ಹಾಳಾಗಿದೆ, ಕ್ರೌನ್ ಚೆನ್ನಾಗಿದೆ. ಅದೇ ಅನುಪಾತದ ಬೇರೆ ಗಾಡಿಯ ಪಿನಿಯನ್ ಹಾಕಲೇ?

ಉತ್ತರ: ಬೇಡ. ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ತಿರುಗಿಸಿ, ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೆತ್ತಿರುತ್ತಾರೆ. ಬಳಸಿದ ಜೋಡಿ ಕೊಳ್ಳುವಾಗಲೂ ಆ ಸಂಖ್ಯೆ ಹೊಂದದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಗೇರ್ ಹಳೆಯದೇ ಇರಲಿ, ಹೊಸದೇ ಬೇಕಾದ ಭಾಗಗಳು ಯಾವುವು?

ಉತ್ತರ: ಕ್ರಷ್ ಸ್ಲೀವ್ (ನಟ್ ಬಿಗಿದಾಗ ಕುಗ್ಗಿ ಬೇರಿಂಗ್‌ನ ಬಿಗಿತ ಹಿಡಿಯುವ ಕೊಳವೆ), ಪಿನಿಯನ್ ನಟ್, ಆಯಿಲ್ ಸೀಲ್, ಕ್ರೌನ್ ಬೋಲ್ಟ್‌ಗಳು. ಬೋಲ್ಟ್‌ಗೆ ಕೆಂಪು ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ. ಕೆಲವು ಆಕ್ಸಲ್‌ಗಳಲ್ಲಿ ಈ ಬೋಲ್ಟ್‌ಗಳಿಗೆ ಎಡಗೈ ಥ್ರೆಡ್ (ಬಿಚ್ಚುವ ದಿಕ್ಕು ಉಲ್ಟಾ) ಇರುತ್ತದೆ, ಬಿಚ್ಚುವಾಗ ಗಮನವಿರಲಿ. ಶಿಮ್ ಹೊಂದಿಸುವ ಹಂತದಲ್ಲಿ ಸ್ಲೀವ್ ಹಾಕದೆ ಕೆಲಸ ಮಾಡಿ, ಕೊನೆಯ ಜೋಡಣೆಗೆ ಮಾತ್ರ ಹಾಕಿ. ಕ್ಯಾರಿಯರ್ ಇಲ್ಲದೆ ಪಿನಿಯನ್ ತಿರುಗಿಸಲು ಹೊಸ ಬೇರಿಂಗ್‌ಗೆ ಸುಮಾರು 1.7ರಿಂದ 3.4 ನ್ಯೂಟನ್ ಮೀಟರ್ ತಿರುಗುಬಲ ಬೇಕು; ನಿಮ್ಮ ಆಕ್ಸಲ್‌ನ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಹಳೆಯ ಬೇರಿಂಗ್‌ಗೆ ಹೆಚ್ಚುಕಡಿಮೆ ಅದರ ಅರ್ಧ. ಹದ ಮೀರಿ ಬಿಗಿಯಾಯಿತೆಂದು ನಟ್ ಸಡಿಲಿಸಿ ಸರಿಮಾಡಲು ಹೋಗಬೇಡಿ. ಒಮ್ಮೆ ಕುಗ್ಗಿದ ಸ್ಲೀವ್ ಹಿಗ್ಗುವುದಿಲ್ಲ, ಬೇರಿಂಗ್ ಸಡಿಲ ಉಳಿದು ಪಿನಿಯನ್ ಅಲುಗಾಡುತ್ತದೆ. ಇನ್ನೊಂದು ಸ್ಲೀವ್ ಹಾಕಿ ಮೊದಲಿಂದ ಬಿಗಿಯಿರಿ. ಮೊದಲ 800 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ, ಮ್ಯಾಗ್ನೆಟ್ ಒರೆಸಿ ನೋಡಿ.