ಭೂತಾನಿನ ನೋಟು, ಭೂತಾನಿನ ನೀತಿ

ಪ್ರಶ್ನೆ: ಭೂತಾನಿನ ಗಡಿ ಪಟ್ಟಣ ಫುಂಟ್‌ಶೋಲಿಂಗ್‌ನ ಅಂಗಡಿಯಲ್ಲಿ ನಮ್ಮ ರೂಪಾಯಿ ಕೊಟ್ಟರೆ ಚಿಲ್ಲರೆಯಾಗಿ ಅವರ ನೂಲ್ಟ್ರಮ್ ನೋಟು ಬಂತು. ಹಣವೇ ಹೀಗೆ ಬೆಸೆದಿರುವಾಗ ಭೂತಾನ್ ವಿದೇಶ ವ್ಯವಹಾರದಲ್ಲಿ ಸ್ವತಂತ್ರವೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಕಾಗದದ ಮೇಲೆ ಪೂರ್ಣ ಸ್ವತಂತ್ರ. ವಿದೇಶಾಂಗ ವಿಷಯಗಳಲ್ಲಿ ಭಾರತದ ಸಲಹೆಯಂತೆ ನಡೆಯುವುದಾಗಿ 1949ರ ಒಪ್ಪಂದದ 2ನೆಯ ವಿಧಿಯಲ್ಲಿ ಒಪ್ಪಿದ್ದ ಭೂತಾನ್, 2007ರ ಪರಿಷ್ಕೃತ ಒಪ್ಪಂದದಲ್ಲಿ ಆ ಮಾತಿನಿಂದ ಬಿಡುಗಡೆ ಪಡೆಯಿತು. ಈಗ ಉಳಿದಿರುವುದು ನಿಕಟ ಸಹಕಾರದ ಭರವಸೆ ಮತ್ತು ತನ್ನ ನೆಲವನ್ನು ಇನ್ನೊಬ್ಬರ ಭದ್ರತೆಗೆ ಧಕ್ಕೆಯಾಗುವಂತೆ ಬಳಸಗೊಡಬಾರದೆಂಬ ಪರಸ್ಪರ ಕಟ್ಟುಪಾಡು. ಈ ಎರಡನೆಯದೇ ನನ್ನ ದೃಷ್ಟಿಯಲ್ಲಿ ತೂಕದ್ದು. ಭೂತಾನ್ ಮತ್ತು ಚೀನಾ ಎರಡೂ ತಮ್ಮದೆನ್ನುವ ಡೋಕ್ಲಾಮ್ ಪ್ರಸ್ಥಭೂಮಿಯಲ್ಲಿ 2017ರಲ್ಲಿ ಚೀನಾ ರಸ್ತೆ ಮಾಡಹೊರಟಾಗ ಭಾರತದ ಸೈನಿಕರು 73 ದಿನ ಎದುರು ನಿಂತದ್ದಕ್ಕೆ, ಈಶಾನ್ಯ ರಾಜ್ಯಗಳನ್ನು ದೇಶಕ್ಕೆ ಜೋಡಿಸುವ ಸಿಲಿಗುರಿಯ ಕಿರಿದಾದ ಪಟ್ಟಿಯ ಚಿಂತೆಯೂ ಕಾರಣ. ಅತ್ತ ಭೂತಾನ್ 1984ರಿಂದ ಚೀನಾದೊಡನೆ ನೇರವಾಗಿಯೇ ಗಡಿ ಮಾತುಕತೆ ನಡೆಸುತ್ತಿದೆ.

ಅಂದ ಹಾಗೆ, ನಿಮ್ಮ ಆ ನೋಟು ಬೆಲೆಯಲ್ಲಿ ರೂಪಾಯಿಗೆ ಸಮವಾದರೂ ಗಂಗಾವತಿಯ ಅಕ್ಕಿ ಅಂಗಡಿಯಲ್ಲಿ ನಡೆಯದು.