ಜುಕಿನಿ ನೀರು ಬಿಡದಂತೆ ಪಲ್ಯ ಮಾಡುವುದು ಹೇಗೆ?

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ಹಸಿರು ಜುಕಿನಿಯಿಂದ ಪಲ್ಯ ಮಾಡಿದರೆ ನೀರು ಬಿಟ್ಟು ಮುದ್ದೆಯಾಗುತ್ತದೆ, ರುಚಿಯೂ ಸಪ್ಪೆ. ಬೇರೆ ಏನು ಮಾಡಬಹುದು?

ಉತ್ತರ: ಜುಕಿನಿಯು ಕುಂಬಳದ ಜಾತಿಯ ಎಳೆಗಾಯಿ; ಅದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ ಇರುವುದರಿಂದ ಸೋರೆಕಾಯಿಯಂತೆ ಮುಚ್ಚಿ ಬೇಯಿಸಬಾರದು. ಗೇಣುದ್ದಕ್ಕಿಂತ ದೊಡ್ಡದಲ್ಲದ ಗಟ್ಟಿ ಕಾಯಿಯನ್ನು ಆರಿಸಿ, ಸಿಪ್ಪೆ ತೆಗೆಯದೆ ದಪ್ಪ ಹೋಳುಗಳಾಗಿ ಹೆಚ್ಚಿಕೊಳ್ಳಿ. ಅಗಲವಾದ ಬಾಣಲೆಯಲ್ಲಿ ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಮಾಡಿ, ಹೋಳುಗಳನ್ನು ದೊಡ್ಡ ಉರಿಯಲ್ಲಿ ಅಂಚು ಕಂದುಬಣ್ಣಕ್ಕೆ ತಿರುಗುವವರೆಗೆ ಬಾಡಿಸಿ, ಉಪ್ಪನ್ನು ಕೊನೆಯಲ್ಲಿ ಹಾಕಿ. ಇಳಿಸುವ ಮುನ್ನ ಎರಡು ಚಮಚ ಹುರಿಗಡಲೆ ಪುಡಿ ಉದುರಿಸಿದರೆ ಉಳಿದ ತೇವವನ್ನು ಅದು ಹೀರಿಕೊಳ್ಳುತ್ತದೆ.

ನಮ್ಮ ಮೆಚ್ಚಿನದು ಅಕ್ಕಿರೊಟ್ಟಿ. ತುರಿದ ಜುಕಿನಿಗೆ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟರೆ ಅದು ಬಿಡುವ ನೀರಿನಲ್ಲಿಯೇ ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು, ಜೀರಿಗೆಯನ್ನು ಕಲಸಬಹುದು. ಹಿಟ್ಟು ಸಾಲದೆನಿಸಿದರೆ ಸೇರಿಸಿ, ನೀರನ್ನಂತೂ ಮೊದಲೇ ಸುರಿಯಬೇಡಿ. ತುರಿಯನ್ನು ಹಿಂಡಿ ಕಡಲೆಹಿಟ್ಟಿನೊಂದಿಗೆ ಪಕೋಡವನ್ನೂ ಕರಿಯಬಹುದು. ಹುಳಿಗೆ ಇದು ಅಷ್ಟಾಗಿ ಒಗ್ಗದು.

ಹೆಚ್ಚುವಾಗ ಒಂದು ಚೂರನ್ನು ನಾಲಿಗೆಗಿಟ್ಟು ನೋಡಿ. ಕಹಿಯಿದ್ದರೆ ಬೇಯಿಸಿದರೂ ಹೋಗುವುದಿಲ್ಲ. ಅಂಥ ಕಾಯಿ ಹೊಟ್ಟೆ ಕೆಡಿಸುವುದರಿಂದ ಎಸೆದುಬಿಡಿ.